ರಾಹುಕಾಲದಲ್ಲಿ ನಿಂತ ವ್ಯಾನು

ಶಿರಾ ಹೈವೇ ಪಕ್ಕದ ಆ ಅಂಗಡಿಯಲ್ಲಿದ್ದ ಪ್ರತಿಯೊಂದು ಗಾಡಿಯನ್ನೂ ಯಾರೋ ಒಬ್ಬ ಡಾಕ್ಟರೇ ಓಡಿಸಿದ್ದರು. ಬಿಳಿ ಕಾರು ಮಕ್ಕಳ ಡಾಕ್ಟರದು, ಕೆಂಪು ಕಾರು ಕಣ್ಣಿನ ಡಾಕ್ಟರದು, ಮೂಲೆಯಲ್ಲಿ ಬಾಗಿಲು ಸೊಟ್ಟಗಾಗಿ ನಿಂತಿದ್ದ ಜೀಪು ಕೂಡ ಮೂಳೆ ಡಾಕ್ಟರದಂತೆ. ಇಷ್ಟೊಂದು ಡಾಕ್ಟರುಗಳು ಗಾಡಿ ಮಾರಿಕೊಂಡು ಮನೆಯಲ್ಲಿ ಕೂತರೆ ನಮ್ಮ ಸೀಮೆಯ ರೋಗಿಗಳ ಗತಿಯೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅದು ಮೊದಲ ದಿನ, ನನ್ನಲ್ಲಿ ಇನ್ನೂ ಸ್ವಲ್ಪ ಸಂಕೋಚ ಉಳಿದಿತ್ತು.

ನನಗೆ ಬೇಕಾಗಿದ್ದುದು ಹಿಂದೆ ಜಾಗವಿರುವ, ಬಾಗಿಲು ಭದ್ರವಾಗಿ ಮುಚ್ಚುವ ಒಂದು ಸಣ್ಣ ವ್ಯಾನು. ನಾನು ಮಧುಗಿರಿಯಲ್ಲಿದ್ದುಕೊಂಡು ಕುರಿ ಸಾಕುವವರ ಸಂಘವೊಂದಕ್ಕೆ ಲಸಿಕೆ ಹಾಕುವ ಕೆಲಸ ಮಾಡುತ್ತೇನೆ. ಮುಂಗಾರಿನ ಮೊದಲ ಮಳೆ ಬಿದ್ದು ಎಳೆ ಹುಲ್ಲು ಚಿಗುರಿದರೆ ಕುರಿಗಳು ಆಸೆಗೆ ಬಿದ್ದು ಮೇಯುತ್ತವೆ, ಕರುಳುಬೇನೆ ಹಿಡಿಯುತ್ತದೆ. ಸಂಜೆ ಹೊಟ್ಟೆ ತುಂಬ ಮೇದು ಬಂದ ಕುರಿ ಬೆಳಿಗ್ಗೆ ಹಟ್ಟಿಯಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಔಷಧಿ ಹುಡುಕಲೂ ಪುರುಸೊತ್ತು ಕೊಡದ ಕಾಯಿಲೆ ಅದು. ಮಳೆಗೆ ಸಾಕಷ್ಟು ಮುಂಚೆ ಲಸಿಕೆ ಹಾಕಿದ್ದರೆ ಉಳಿಯುತ್ತವೆ, ಇಲ್ಲದಿದ್ದರೆ ಇಲ್ಲ. ಲಸಿಕೆಗೆ ಬಿಸಿ ತಗುಲಬಾರದು. ಐಸ್ ಡಬ್ಬಿಯನ್ನು ಸ್ಕೂಟರಿನ ಹಿಂದೆ ರಬ್ಬರಿನ ಹಗ್ಗದಿಂದ ಬಿಗಿದುಕೊಂಡು ಪಾವಗಡದ ಬಿಸಿಲಲ್ಲಿ ಹೋಗುವಾಗ ನಾನು ಎದುರಿನ ರಸ್ತೆಗಿಂತ ಹೆಚ್ಚಾಗಿ ಬೆನ್ನ ಹಿಂದಿನ ಡಬ್ಬಿಯನ್ನೇ ನೆನೆಯುತ್ತಿರುತ್ತೇನೆ. ಈ ಸಲ ವ್ಯಾನು ತೆಗೆದುಕೊಂಡೇ ಬರುತ್ತೇನೆ ಎಂದು ಬಲಸಮುದ್ರದ ಹಟ್ಟಿಯವರಿಗೆ ಮಾತು ಕೊಟ್ಟಿದ್ದೆ.

ನನ್ನ ಜೊತೆ ಭಾವ ಬಂದರು, ಅಂದರೆ ನನ್ನ ಅಕ್ಕನ ಗಂಡ. ಕೊರಟಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ನಾನು ಕರೆದಿರಲಿಲ್ಲ.

“ಹೆಂಗಸ್ರು ಒಬ್ರೇ ಹೋದ್ರೆ ಟೋಪಿ ಹಾಕ್ಬುಡ್ತಾರೆ ಕಣಮ್ಮ. ನಾನು ಬತ್ತೀನಿ ತಡಿ. ಮುಖ ನೋಡಿದ್ರೆ ಸಾಕು, ಗಾಡಿ ಹೆಂಗದೆ ಅಂತ ಹೇಳ್ಬುಡ್ತೀನಿ,” ಅಂದಿದ್ದರು.

ಅಂಗಡಿಯ ಮಾಲೀಕರ ಹಣೆಯ ತುಂಬ ವಿಭೂತಿ, ಮಣಿಕಟ್ಟಿನ ತುಂಬ ಕೆಂಪು ದಾರ. ತಗಡಿನ ಶೆಡ್ಡಿಗೆ ಅವರು ಶೋರೂಮ್ ಎನ್ನುತ್ತಿದ್ದರು. ಅದರ ಮುಂದೆ ನನಗೆ ಬೇಕಾದಂಥ ಒಂದು ವ್ಯಾನನ್ನು ಆಗ ತಾನೇ ತಂದು ನಿಲ್ಲಿಸಿದ್ದರು. ಕೊಳ್ಳುವವಳು ನಾನು, ಓಡಿಸುವವಳು ನಾನು, ಪ್ರಶ್ನೆ ಕೇಳುತ್ತಿದ್ದವಳೂ ನಾನೇ. ಉತ್ತರ ಮಾತ್ರ ಭಾವನವರಿಗೆ ಹೋಗುತ್ತಿತ್ತು.

“ಇಂಜಿನ್ ಬಿಚ್ಚಿದ್ದಾರಾ?” ಎಂದು ನಾನು ಕೇಳಿದರೆ, “ಸರ್, ಸೀಟ್ ಕವರ್ ನೋಡಿ, ಏಕ್‌ದಂ ಹೊಸದು,” ಎಂದು ಸೇಲ್ಸಿನವನು ಭಾವನವರ ಕೈ ಹಿಡಿದು ಸೀಟಿನ ಮೇಲೆ ಇಡಿಸುತ್ತಿದ್ದ.

“ಮೈಲೇಜ್ ಅಂತೂ ಕೇಳಲೇಬೇಡಿ ಸರ್.”

ಭಾವ ಕೇಳಲೂ ಇಲ್ಲ. ಟೈರಿಗೆ ಒಂದು ಒದೆ ಕೊಟ್ಟು, “ಗಟ್ಟಿ ಅವೆ,” ಅಂದರು. ಗಿರಣಿಗೆ ಬರುವ ರಾಗಿ ಮೂಟೆಯನ್ನೂ ಅವರು ಹೀಗೇ ಒದ್ದು ನೋಡುವುದು.

ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು. ಈಗ ತಾನೇ ಸರ್ವೀಸ್ ಮಾಡಿಸಿಕೊಂಡು ತಂದೆವು ಅಂದರು. ಹಾಗಾದರೆ ಮಧುಗಿರಿಯ ನನ್ನ ಪರಿಚಯದ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ ತರುತ್ತೇನೆ ಅಂದೆ. ಮಾಲೀಕರು ಗೋಡೆಯ ಕಡೆ ಕೈ ತೋರಿಸಿದರು. ದೇವರ ಫೋಟೋಗಳ ಕೆಳಗೆ, ಮಿಣಮಿಣ ಎನ್ನುವ ಬಲ್ಬುಗಳ ನಡುವೆ ಒಂದು ಬೋರ್ಡು: ‘ರಾಹುಕಾಲದಲ್ಲಿ ಗಾಡಿ ಸ್ಟಾರ್ಟ್ ಮಾಡುವುದಿಲ್ಲ, ಹೊರಗೆ ಬಿಡುವುದಿಲ್ಲ.’

“ಇವತ್ತು ಮಂಗಳವಾರ, ಮೂರು ಗಂಟೆ ಆಯ್ತು ನೋಡಿ. ಇನ್ನು ಕೀ ಮುಟ್ಟಲ್ಲ ಮೇಡಂ. ಗಾಡಿ ಅಂದ್ರೆ ನಮಗೆ ಲಕ್ಷ್ಮಿ. ನಮ್ಮಪ್ಪನ ಕಾಲದಿಂದ ನಡ್ಕೊಂಡ್ ಬಂದಿರೋ ಪದ್ಧತಿ.”

ಭಾವ ಕೈ ಮುಗಿದರು. “ನೋಡ್ದಾ, ಎಂಥ ದೈವಭಕ್ತ್ರು,” ಎಂದು ನನ್ನ ಕಿವಿಯಲ್ಲಿ ಹೇಳಿದರು. ರಾಹುಕಾಲ ಮುಗಿಯುವ ಹೊತ್ತಿಗೆ ಇನ್ನೊಂದು ಪಾರ್ಟಿ ಗಾಡಿ ನೋಡಲು ಬರುತ್ತದೆ, ಇನ್ನೊಂದು ದಿನ ಬನ್ನಿ ಎಂದು ನಮ್ಮನ್ನು ಸಾಗಹಾಕಿದರು.

ಎರಡನೇ ಸಲ ನಾನೊಬ್ಬಳೇ ಸ್ಕೂಟರಿನಲ್ಲಿ ಹೋದೆ. ಫೋನು ಮಾಡಿಯೇ ಹೋಗಿದ್ದೆ. ನಾನು ತಲುಪುವುದಕ್ಕೂ ವ್ಯಾನು ಎಲ್ಲಿಂದಲೋ ಧೂಳೆಬ್ಬಿಸಿಕೊಂಡು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮತ್ತೆ ಬಾನೆಟ್ಟು ಸುಡುತ್ತಿತ್ತು. ಈ ಸಲ ಯಾರೋ ಟ್ರಯಲ್ ತೆಗೆದುಕೊಂಡು ಹೋಗಿದ್ದರಂತೆ. ಗುಂಡಿ ಒತ್ತಿದರೆ ತಕ್ಷಣ ಸ್ಟಾರ್ಟ್ ಆಗುತ್ತಿತ್ತು, ಸದ್ದು ಸರಿಯಾಗಿತ್ತು, ಹೊಗೆಯೂ ಇರಲಿಲ್ಲ. ಕೆಳಗೆ ಮಲಗಿ ನೋಡುತ್ತೇನೆಂದು ನಾನು ಸೆರಗು ಸಿಕ್ಕಿಸಿಕೊಂಡರೆ ಸೇಲ್ಸಿನವನು ಗಾಬರಿಯಾದ. “ಅಯ್ಯೋ ಮೇಡಂ, ಲೇಡೀಸ್ ಹಂಗೆಲ್ಲ ಮಲಗಬಾರದು.” ಕುರಿ ಗೊಬ್ಬರದ ಮೇಲೆ ಮಂಡಿಯೂರಿಯೇ ಅನ್ನ ಸಂಪಾದಿಸುವವಳಿಗೆ ಇವನು ಹೇಳುತ್ತಿದ್ದಾನೆ.

ವ್ಯಾನನ್ನು ಬೇರೆಯವರಿಗೆ ಕೊಡದೆ ನನಗೇ ಹಿಡಿದಿಡಬೇಕಾದರೆ ಸ್ಕೂಟರನ್ನು ಎಕ್ಸ್‌ಚೇಂಜಿಗೆ ಬಿಟ್ಟು ಹೋಗಬೇಕು, ನಾಳೆಯೇ ವ್ಯಾನು ರೆಡಿ ಅಂದರು. ಬಿಟ್ಟು ಬಸ್ಸು ಹತ್ತಿದೆ. ಅವರ ನಾಳೆ ಎಂಬುದು ಪಂಚಾಂಗದಲ್ಲಿ ಇಲ್ಲದ ದಿನ. ಇವತ್ತು ಅಮಾವಾಸ್ಯೆ, ಇವತ್ತು ಪೇಪರು ಬಂದಿಲ್ಲ, ಇವತ್ತು ಮಾಲೀಕರ ಮನೆಯಲ್ಲಿ ನಾಮಕರಣ. ವ್ಯಾನೂ ಇಲ್ಲ, ಸ್ಕೂಟರೂ ಇಲ್ಲ. ದಿನಾ ಫೋನು ಮಾಡಿ ಅವರ ಕ್ಷೇಮ ವಿಚಾರಿಸುವುದೇ ನನ್ನ ಕೆಲಸವಾಯಿತು.

ಆ ಮಧ್ಯೆ ಚನ್ನರಾಯನದುರ್ಗದ ಸರದಿ ಬಂತು. ಲಸಿಕೆ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆ. ಕಂಡಕ್ಟರು ಡಬ್ಬಿಯನ್ನು ಇಂಜಿನ್ ಪಕ್ಕ ಇಡಿ ಅಂದ. ಆಗಲ್ಲ ಎಂದು ಎದೆಗೆ ಅವಚಿಕೊಂಡು ಜನರ ನಡುವೆ ನಿಂತೆ. ದಾರಿಯಲ್ಲಿ ಬಸ್ಸು ಕೆಟ್ಟಿತು. ಇನ್ನೊಂದು ಬಸ್ಸಿಗೆ ಬಿಸಿಲಲ್ಲಿ ಕಾದು, ಅದರಿಂದಿಳಿದು ನಡೆದು ಹೋಗಿ ಮುಚ್ಚಳ ತೆಗೆದರೆ ಐಸೆಲ್ಲ ನೀರಾಗಿತ್ತು, ಒಳಗಿನ ಥರ್ಮಾಮೀಟರು ಇರಬಾರದಷ್ಟು ಮೇಲಿತ್ತು. ಬೆಟ್ಟದ ಬುಡದಲ್ಲಿ ಕುರಿಗಳನ್ನು ಕೂಡಿಹಾಕಿಕೊಂಡು ಜನ ಮೇವಿಗೂ ಬಿಡದೆ ಕಾದಿದ್ದರು. ಕೆಟ್ಟ ಲಸಿಕೆಯನ್ನು ಚುಚ್ಚಿ ಹಾಕಿದ್ದೇನೆ ಎಂದು ಹೇಳಿ ಬರಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಕಣ್ಣೆದುರೇ ಅಷ್ಟೂ ಬಾಟಲಿಗಳನ್ನು ಗುಂಡಿ ತೋಡಿ ಹೂತೆ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ವಾಪಸು ಬರುವಾಗ ಆ ವಿಭೂತಿ ಹಣೆಯನ್ನು ದಾರಿಯುದ್ದಕ್ಕೂ ನಾನೇ ಬೈದುಕೊಂಡು ಬಂದೆ.

ಅದೇ ಸಂಜೆ ಬಲಸಮುದ್ರದಿಂದ ಫೋನು. ಸೋಲಾರ್ ಹಲಗೆಗಳ ಬೇಲಿಯಾಚೆ ಇರುವ ಹಟ್ಟಿಯ ಯಜಮಾನಿ. ಗಡಿ ಸೀಮೆಯ ತೆಲುಗು ಬೆರೆತ ಮಾತಲ್ಲಿ ಮಳೆ, ಹಸಿ ಹುಲ್ಲು, ಕುರಿಗಳ ಚಿಂತೆ.

“ಮೇಡಮ್ಮಾ, ಮಬ್ಬು ಕಟ್ತಾ ಐತೆ. ವಾನ ಬಿದ್ದು ಪಚ್ಚಗಡ್ಡಿ ಬಂದ್ರೆ ನಮ್ಮ ಗೊರ್ರೆಗಳು ಉಳೀತಾವಾ? ಎಪ್ಪುಡು ಬರ್ತೀರಿ?”

“ಸೋಮವಾರ ಬೆಳಿಗ್ಗೆ, ನೀವು ಕುರಿ ಬಿಡೋದ್ರೊಳಗೆ,” ಅಂದೆ. ಯಾವುದರಲ್ಲಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಹೊತ್ತಿಗೆ ಒಂದು ವಿಷಯ ನನಗೆ ಹೊಳೆದಿತ್ತು. ಈ ವ್ಯಾನು ಸುಮ್ಮನೆ ನಿಂತಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹೋದಾಗಲೆಲ್ಲ ಅದು ಬರುತ್ತಿರುತ್ತದೆ, ಇಲ್ಲವೇ ಹೊರಟಿರುತ್ತದೆ. ಕುರಿ ಸಂತೆಯಲ್ಲಿ ಇಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಕಾಯಿಲೆ ಕುರಿ ಮಾರುವವನು ಅದನ್ನು ಅಲ್ಲಾಡಿಸುತ್ತಲೇ ಇರುತ್ತಾನೆ, ಅಟ್ಟುತ್ತಾನೆ, ಕಿವಿ ಹಿಂಡುತ್ತಾನೆ. ಬೆದರಿ ಓಡುವಾಗ ಎಲ್ಲ ಕುರಿಯೂ ಚುರುಕಾಗಿಯೇ ಕಾಣುತ್ತದೆ. ಅದನ್ನು ಬಿಟ್ಟು ನಿಲ್ಲಿಸಬೇಕು. ಉಳಿದವು ಮೆಲುಕು ಹಾಕುವಾಗ ಯಾವುದು ತಲೆ ಜೋತು ಹಾಕಿಕೊಂಡು ಸುಮ್ಮನಿರುತ್ತದೋ ಅದು ಕಾಯಿಲೆಯದು. ಹಟ್ಟಿಗೆ ಹೋದರೆ ಸೂಜಿ ತೆಗೆಯುವ ಮುಂಚೆ ನಾನು ಮಾಡುವ ಮೊದಲ ಕೆಲಸವೇ ಸುಮ್ಮನೆ ಕೂತು ನೋಡುವುದು. ವ್ಯಾನಿನ ಮುಂದೆ ಮಾತ್ರ ಈ ಬುದ್ಧಿ ಓಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ, ಗಾಡಿ ರೆಡಿ ಎಂದು ಕರೆ ಬಂತು. ಭಾವ ಅಕ್ಕನನ್ನೂ ಕರೆದುಕೊಂಡು ಬಂದಿದ್ದರು, ಆರತಿ ಎತ್ತಲು ಮುತ್ತೈದೆ ಬೇಕಲ್ಲ. ಹೋಗಿ ನೋಡಿದರೆ ಪೂಜೆಗೆ ಎಲ್ಲ ಸಿದ್ಧವಾಗಿತ್ತು. ನೆಲ ತೊಳೆದು ವ್ಯಾನಿನ ಮೂತಿಯ ಕೆಳಗಿನವರೆಗೂ ಚಾಚುವಂತೆ ದೊಡ್ಡ ರಂಗೋಲಿ ಬಿಟ್ಟಿದ್ದರು. ಗಾಡಿಗೆ ಸೇವಂತಿಗೆ ಹಾರ, ಗಾಜಿಗೆ ಗಂಧ, ಟೈರುಗಳ ಕೆಳಗೆ ನಿಂಬೆಹಣ್ಣು. ಫೋಟೋಕ್ಕೆಂದು ಆಳೆತ್ತರದ ರಟ್ಟಿನ ಕೀಲಿಕೈ ಬೇರೆ. ನಾನು ಇನ್ನೂ ಹೂಂ ಎಂದೇ ಇರಲಿಲ್ಲ.

“ಮೊದಲು ಗಾಡಿ ನೋಡ್ತೀನಿ,” ಅಂದೆ.

“ಮೊದಲು ದೇವರು ಮೇಡಂ, ಆಮೇಲೆ ನಾವು ನೀವು,” ಎಂದು ಮಾಲೀಕರು ತೆಂಗಿನಕಾಯಿಯನ್ನು ಭಾವನವರ ಕೈಗೇ ಕೊಟ್ಟರು. ಭಾವ ಕಣ್ಣು ಮುಚ್ಚಿ ಮೂರು ಸುತ್ತು ಇಳಿತೆಗೆದು ಒಡೆದೇಬಿಟ್ಟರು. ಆಗ ಈ ಅಂಗಡಿಯ ಕಸುಬು ನನಗೆ ಪೂರ್ತಿ ಅರ್ಥವಾಯಿತು. ನಮ್ಮ ಕಡೆಯ ಜನ ಕೆಟ್ಟ ಗಾಡಿಯನ್ನು ಬೇಕಾದರೆ ತಿರುಗಿಸಿ ಕೊಡುತ್ತಾರೆ, ಪೂಜೆಯಾದ ಗಾಡಿಯನ್ನು ಕೊಡುವುದಿಲ್ಲ. ಕಾಯಿ ಒಡೆದ ಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ಇವರು ಟ್ರಯಲ್‌ಗೆ ಮುಂಚೆ ಆರತಿ ಎತ್ತಿಸುತ್ತಾರೆ.

“ಬೇಗ ಬೇಗ ಮೇಡಂ. ಹತ್ತೂವರೆಗೆ ರಾಹುಕಾಲ. ಅದರೊಳಗೆ ನಿಂಬೆಹಣ್ಣು ಹತ್ತಿಸಿ ರೋಡಿಗೆ ತೆಗೆದುಬಿಡಿ.”

ನಾನು ಗೋಡೆಯ ಬೋರ್ಡನ್ನು ನೋಡಿದೆ, ಅದರ ಪಕ್ಕದ ಗಡಿಯಾರವನ್ನೂ ನೋಡಿದೆ. “ಒಂದು ನಿಮಿಷ, ಬಾತ್‌ರೂಮಿಗೆ ಹೋಗಿ ಬರ್ತೀನಿ,” ಅಂದೆ. ಆ ಜಾಗ ಗಲೀಜೆಂದರೆ ಗಲೀಜು. ಹೊರಗೆ ಸೇಲ್ಸಿನವನು ಕೆಮ್ಮುತ್ತ ಓಡಾಡುತ್ತಿದ್ದ. ಮೂಗಿಗೆ ಸೆರಗು ಮುಚ್ಚಿಕೊಂಡು, ವಾಚು ನೋಡಿಕೊಂಡು, ಹತ್ತೂವರೆ ದಾಟಿದ ಮೇಲೆಯೇ ಹೊರಗೆ ಬಂದೆ. ನನ್ನ ಜೀವನದಲ್ಲಿ ಇಷ್ಟು ಯೋಚಿಸಿ ನಾನು ಬಾತ್‌ರೂಮಿಗೆ ಹೋಗಿದ್ದು ಅದೊಂದೇ ಸಲ.

“ಅಯ್ಯೋ, ರಾಹುಕಾಲ ಬಂದುಬಿಡ್ತಲ್ಲ,” ಅಂದೆ.

“ಪೂಜೆ ಆಗಿದೆ ಮೇಡಂ, ದೋಷ ಏನಿಲ್ಲ. ಹತ್ತಿ ಹತ್ತಿ.”

“ಅದ್ಹೇಗಾಗುತ್ತೆ? ನಿಮ್ಮಪ್ಪನ ಕಾಲದ ಪದ್ಧತಿ.” ಬೋರ್ಡನ್ನು ಗಟ್ಟಿಯಾಗಿ ಓದಿದೆ. ಮದಲೂರಿನ ಕಡೆಯ ಒಬ್ಬ ಹಿರಿಯರು ಮಗಳಿಗೆ ಗಾಡಿ ನೋಡಲು ಬಂದಿದ್ದರು. ಅವರು ತಲೆದೂಗಿದರು. “ಆಯಮ್ಮ ಹೇಳೋದು ನಿಜ ಕಣಪ್ಪಾ. ರಾಹುಕಾಲದಾಗೆ ಯಾಕೆ? ನಿಂತ್ಕಳ್ಲಿ ಬುಡು.” ಮಾಲೀಕರಿಗೆ ನನ್ನ ಮಾತು ತಳ್ಳಿಹಾಕುವುದು ಕಷ್ಟವಿರಲಿಲ್ಲ. ಇನ್ನೊಬ್ಬ ಗಿರಾಕಿಯ ಎದುರು ತಮ್ಮದೇ ಬೋರ್ಡನ್ನು ತಳ್ಳಿಹಾಕುವುದು ಹೇಗೆ? ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ವ್ಯಾನಿನ ಮುಂದೆ ಕೂತೆ. ಅಕ್ಕ ಪಕ್ಕದಲ್ಲಿ ಕೂತಳು.

ಮೊದಲಿಗೆ ಏನೂ ಆಗಲಿಲ್ಲ. ಭಾವ ಕಾಫಿ ಕುಡಿದರು. ಆಮೇಲೆ ರಂಗೋಲಿಯ ಒಂದು ಎಸಳಿನ ಮೇಲೆ ಕಪ್ಪನೆಯ ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದರಾಚೆ, ಇನ್ನೊಂದು ಎಸಳು ಮೆಲ್ಲಗೆ ಹಸಿರು ನೀರಿನಲ್ಲಿ ಕದಡತೊಡಗಿತು. ಅಕ್ಕ ನನ್ನ ಮೊಣಕೈ ತಿವಿದು ಕಣ್ಣಲ್ಲೇ ತೋರಿಸಿದಳು.

“ಅದು ಏಸಿ ನೀರು ಮೇಡಂ,” ಸೇಲ್ಸಿನವನು ಓಡಿ ಬಂದ.

“ಈ ವ್ಯಾನಿಗೆ ಏಸಿ ಇಲ್ಲವಲ್ಲಪ್ಪ.”

“ಗಾಡಿ ತೊಳೆದಿದ್ದು, ಅದರದ್ದು.”

“ಹಸಿರು ನೀರಲ್ಲಿ ತೊಳೀತೀರಾ?”

ಗಾಡಿಯನ್ನು ಸ್ವಲ್ಪ ನೆರಳಿಗೆ ಸರಿಸೋಣ ಎಂದು ಮಾಲೀಕರು ಕೀ ತೆಗೆದುಕೊಂಡರು. ನಾನು ಬೋರ್ಡಿನ ಕಡೆ ನೋಡಿದೆ. ಮದಲೂರಿನ ಹಿರಿಯರೂ ಬೋರ್ಡಿನ ಕಡೆ ನೋಡಿದರು. ಮಾಲೀಕರು ಕೀಯನ್ನು ದೇವರ ಫೋಟೋದ ಮುಂದೆ ಇಟ್ಟು, ಅಗರಬತ್ತಿ ಸರಿಮಾಡುವವರಂತೆ ನಿಂತುಕೊಂಡರು. ಅಷ್ಟು ಹೊತ್ತು ಅಷ್ಟು ಭಕ್ತಿಯಿಂದ ಅವರು ಯಾವತ್ತೂ ದೇವರನ್ನು ನೋಡಿರಲಿಕ್ಕಿಲ್ಲ.

ಹನ್ನೆರಡು ಹೊಡೆಯಿತು. ಸೇಲ್ಸಿನವನು ಕೂತು ಗುಂಡಿ ಒತ್ತಿದ. ಗಾಡಿ ಗೊರಗೊರ ಅಂತು, ನಿಂತಿತು. ಮತ್ತೆ ಒತ್ತಿದ. ಮೈಯೆಲ್ಲ ಅದುರಿಸಿಕೊಂಡು ಹೊತ್ತಿತು, ಹಿಂದಿನಿಂದ ಬಿಳಿ ಹೊಗೆ ಶೆಡ್ಡಿನ ತುಂಬ ತುಂಬಿ ಹಿರಿಯರು ಕೆಮ್ಮಿದರು. ನಿಂತ ಹೊತ್ತಿನಲ್ಲಿ ಇಂಜಿನ್ ತಣಿಸುವ ಆ ಹಸಿರು ನೀರು, ಕೂಲೆಂಟ್, ಇಂಜಿನ್ನಿನ ಒಳಕ್ಕೆ ಇಳಿದು, ಅದೇ ಈಗ ಹೊಗೆಯಾಗಿ ಬರುತ್ತಿತ್ತು. ಅದನ್ನು ತಡೆಯುವ ಹೆಡ್ ಗ್ಯಾಸ್ಕೆಟ್ ಎಂಬ ಸೀಲು ಹೋಗಿದ್ದರೆ ಹೀಗೇ ಆಗುತ್ತದೆ ಎಂದು ಮಧುಗಿರಿಯ ಮೆಕ್ಯಾನಿಕ್ ಮೊದಲೇ ಹೇಳಿಕೊಟ್ಟಿದ್ದ. ಬಿಸಿಯಾಗಿ ಓಡುತ್ತಿರುವವರೆಗೆ ಇದು ತೋರುವುದಿಲ್ಲ. ಅದಕ್ಕೇ ಇವರು ಅದನ್ನು ನಿಲ್ಲಲು ಬಿಟ್ಟಿರಲಿಲ್ಲ.

“ನನಗೆ ಬೇಡ,” ಅಂದೆ.

ಮಾಲೀಕರು ನನ್ನ ಕಡೆ ತಿರುಗಲೇ ಇಲ್ಲ. ಭಾವನವರ ಹೆಗಲ ಮೇಲೆ ಕೈ ಇಟ್ಟರು. “ಸರ್, ಪೂಜೆ ಆದ ಗಾಡಿ ಬಿಟ್ಟು ಹೋದ್ರೆ ಮನೆಗೆ ಒಳ್ಳೇದಲ್ಲ. ಕಾಯಿ ಒಡೆದವರು ನೀವು. ನಾನು ಹೇಳಬೇಕಾ?”

ಭಾವನವರ ಮುಖ ಇಳಿಯಿತು. ಹೊಗೆಯನ್ನು ನೋಡಿದರು, ಒಡೆದ ಕಾಯಿಯನ್ನು ನೋಡಿದರು. ನಾನು ತಡೆಯುವುದರೊಳಗೆ, “ನಾನೇ ತಕೊಂತೀನಿ ಬುಡಿ,” ಅಂದುಬಿಟ್ಟರು.

“ಭಾವ, ಇಂಜಿನ್ ಹೋಗಿದೆ, ಕಣ್ಣಾರೆ ನೋಡಿದ್ರಲ್ಲ!”

“ನೋಡ್ದೆ ಕಣಮ್ಮ. ಆದ್ರೆ ಕಾಯಿ ಒಡ್ದು ಬುಟ್ಬುಟ್ಟು ಹೋದ್ರೆ ನನ್ನ ಗಿರಣಿ ಗತಿ ಏನು? ಹೊಗೆ ಬಂದ್ರೆ ರಿಪೇರಿ ಮಾಡುಸ್ಬೋದು. ದೋಷ ಬಂದ್ರೆ ಯಾವ ಗ್ಯಾರೇಜಿಗೆ ಹೋಗ್ಲಿ?”

ಅಕ್ಕ ನೆಲ ನೋಡುತ್ತಿದ್ದಳು. ಭಾವ ರಟ್ಟಿನ ಕೀಲಿಕೈ ಹಿಡಿದು ಫೋಟೋಕ್ಕೆ ನಿಂತರು. ನಾನು ಆ ಫೋಟೋದಲ್ಲಿ ಇಲ್ಲ, ಆ ಮಟ್ಟಿಗೆ ಸಮಾಧಾನ.

ನನ್ನ ಸ್ಕೂಟರು ಶೆಡ್ಡಿನ ಪಕ್ಕದ ಸಾಲಿನಲ್ಲಿ ಸಿಕ್ಕಿತು. ನನಗೇ ಗುರುತು ಸಿಗಲಿಲ್ಲ. ಟೈರಿಗೆ ಕಪ್ಪು ಬಳಿದಿದ್ದರು, ಸೀಟಿಗೆ ಸೆಂಟು ಹೊಡೆದಿದ್ದರು. ಸೇಲ್ಸಿನವನು ಹೊಗೆಯಿಂದ ತಪ್ಪಿಸಿಕೊಂಡು ಬಂದು ಮದಲೂರಿನ ಹಿರಿಯರ ಮಗಳಿಗೆ ವಿವರಿಸುತ್ತಿದ್ದ. “ಇದು ಡಾಕ್ಟರಮ್ಮ ಓಡಿಸಿದ್ದು ಮೇಡಂ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಅಷ್ಟೇ.”

“ಆ ಡಾಕ್ಟರಮ್ಮ ನಾನೇ ಕಣಮ್ಮ,” ಎಂದು ಹುಡುಗಿಗೆ ಹೇಳಿದೆ. “ಕುರಿ ಡಾಕ್ಟರು, ಅದೂ ಜನ ಬಾಯಿಮಾತಿಗೆ ಕರೆಯೋದು. ಇದು ಹೋಗಿರೋದೆಲ್ಲ ಕಲ್ಲು, ಮುಳ್ಳು, ಕೆರೆ ಏರಿ. ಹಿಂದಿನ ಬ್ರೇಕು ಹಿಡಿಯಲ್ಲ. ಸೀಟು ಎತ್ತಿ ನೋಡು, ಕುರಿ ವಾಸನೆ ಈ ಸೆಂಟಿಗೆಲ್ಲ ಹೋಗಲ್ಲ.” ಹುಡುಗಿ ನಕ್ಕಳು. ಸೇಲ್ಸಿನವನ ಕೈಯಿಂದ ಕೀ ತೆಗೆದುಕೊಂಡೆ, ಅವನು ಕೊಟ್ಟ. ಮಾಲೀಕರು ಕೂಗಿ ಏನೋ ಹೇಳಿದರು. ಏನೆಂದು ಕೇಳಿಸಿಕೊಳ್ಳುವಷ್ಟು ಮರ್ಯಾದೆ ಅವರಿಗೆ ನನ್ನಲ್ಲಿ ಉಳಿದಿರಲಿಲ್ಲ.

ಭಾನುವಾರ ಭಾವ ಮನೆಗೆ ಬಂದರು. ಗ್ಯಾರೇಜಿನವನು ಏನೋ ಅಂಟು ಹಾಕಿ ಕೊಟ್ಟಿದ್ದನಂತೆ, ಗಾಡಿ ಈಗ ಹಾಲು ಕುಡಿದ ಮಗುವಿನಂತೆ ಇದೆಯಂತೆ. “ನಾಳಿಕೆ ಲಸಿಕೆ ನನ್ನ ಗಾಡಿನಾಗೇ ಹಾಕ್ಕೊಂಡ್ ಹೋಗಾನ. ಸ್ಕೂಟರು ಯಾಕೆ?” ನಾನು ಆಗಲ್ಲ ಅಂದೆ. ಅವರಿಗೆ ರೇಗಿತು. “ಅಂಗಾದ್ರೆ ನೋಡ್ತಿರು. ನಿಮ್ಮಕ್ಕನ್ನ ಕೂರುಸ್ಕೊಂಡು ನಿನಗಿಂತ ಮುಂಚೆ ಬಲಸಮುದ್ರದಾಗಿರ್ತೀನಿ.”

ಸೋಮವಾರ ಬೆಳಕು ಹರಿಯುವ ಮುಂಚೆ ಡಬ್ಬಿಗೆ ಐಸು ತುಂಬಿ, ಬಾಟಲಿ ಜೋಡಿಸಿ, ಒದ್ದೆ ಗೋಣಿ ಸುತ್ತಿ, ಎರಡು ಹಗ್ಗ ಬಿಗಿದು ಹೊರಟೆ. ಪಾವಗಡದ ರಸ್ತೆಯಲ್ಲಿ ಆಕಾಶದ ಒಂದು ಮಗ್ಗುಲು ಕಪ್ಪಾಗಿತ್ತು. ಗುಂಡಿ ಕಂಡಲ್ಲೆಲ್ಲ ಡಬ್ಬಿ ಎಗರಿ ನನ್ನ ಬೆನ್ನಿಗೆ ಹೊಡೆಯುತ್ತಿತ್ತು, ನಿಲ್ಲಿಸಿ ಬಿಗಿದು ಮತ್ತೆ ಹೊರಡುತ್ತಿದ್ದೆ. ಭಾವನವರ ವ್ಯಾನು ಹಾರ್ನ್ ಹೊಡೆಯುತ್ತ ನನ್ನನ್ನು ದಾಟಿ ಹೋಯಿತು. ಬಾಡಿದ ಹಾರ ಇನ್ನೂ ಅದರ ಮೂತಿಯಲ್ಲೇ ಇತ್ತು.

ದೊಡ್ಡ ಏರು ಹತ್ತಿ ಇಳಿದ ಮೇಲೆ ಅದು ರಸ್ತೆ ಪಕ್ಕ ನಿಂತಿತ್ತು. ಬಾನೆಟ್ಟು ತೆರೆದಿತ್ತು, ಆವಿ ಬುಸುಗುಟ್ಟುತ್ತಿತ್ತು. ಭಾವ ಖಾಲಿ ಬಾಟಲಿ ಹಿಡಿದುಕೊಂಡು ಕೈ ಅಡ್ಡ ಹಾಕಿದರು.

“ನೀರಿದ್ರೆ ಕೊಡಮ್ಮ. ಒಂಚೂರು ಬಿಸಿ ಆಗದೆ, ಅಷ್ಟೆಯ.”

ನನ್ನ ಹತ್ತಿರ ಇದ್ದ ಕುಡಿಯುವ ನೀರನ್ನು ಕೊಟ್ಟೆ. ಅದು ಎಲ್ಲಿಗೂ ಸಾಲಲಿಲ್ಲ. ಅವರ ಕಣ್ಣು ಡಬ್ಬಿಯ ಮೇಲೆ ಬಿತ್ತು.

“ಅದ್ರಾಗೆ ಐಸ್ ಐತಲ್ಲ?”

“ಇದೆ.”

“ಒಂದೆರಡು ಗೆಡ್ಡೆ ತಗಿ. ನಾನೇನು ಎಲ್ಲ ಕೇಳ್ತಾ ಇಲ್ವಲ್ಲ.”

“ಅದು ಕುರಿಗಳದ್ದು ಭಾವ.”

“ಕುರಿಗಿಂತ ಕಡೆ ಆಗೋದ್ನಾ ನಾನು?”

ಚನ್ನರಾಯನದುರ್ಗದಲ್ಲಿ ಹೂತ ಬಾಟಲಿಗಳು ಕಣ್ಣ ಮುಂದೆ ಬಂದವು. ಮಾತಾಡಿದ್ದರೆ ಇಡೀ ತಿಂಗಳ ಸಿಟ್ಟು ಆ ರಸ್ತೆಯಲ್ಲೇ ಬಿದ್ದುಹೋಗುತ್ತಿತ್ತು. ಸ್ಕೂಟರು ಸ್ಟಾರ್ಟ್ ಮಾಡಿದೆ.

ಆಗ ವ್ಯಾನಿನ ಬಾಗಿಲು ತೆರೆದು ಅಕ್ಕ ಇಳಿದಳು. ಗಂಡನ ಕಡೆ ನೋಡದೆ ನೇರ ನನ್ನ ಹತ್ತಿರ ಬಂದಳು. ಹಗ್ಗ ಬಿಚ್ಚಿ ಡಬ್ಬಿಯನ್ನು ಕೈಗೆತ್ತಿಕೊಂಡು ನನ್ನ ಹಿಂದೆ ಕೂತು, ಅದನ್ನು ತೊಡೆಯ ಮೇಲಿಟ್ಟು ಸೆರಗು ಮುಚ್ಚಿದಳು.

“ಎಲ್ಲಿಗ್ಲೇ ಹೊಂಟೆ?” ಭಾವ ಕೂಗಿದರು.

“ನೀವು ಪೂಜೆ ಮಾಡಿದ್ ಗಾಡಿ, ನೀವೇ ಕಾಯ್ಕೊಂಡಿರಿ,” ಅಂದಳು ಅಕ್ಕ. “ನಡಿಯೇ.”

ಬಲಸಮುದ್ರ ಮುಟ್ಟಿದಾಗ ಹಟ್ಟಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಯಜಮಾನಿ ಬೇಲಿಯಾಚೆಯ ಸೋಲಾರ್ ಹಲಗೆಗಳ ಮೇಲಿನ ಮೋಡವನ್ನು ನೋಡುತ್ತ ನಿಂತಿದ್ದಳು. ನಮ್ಮನ್ನು ಕಂಡು, “ವ್ಯಾನು ಏದಿ ಮೇಡಮ್ಮಾ, ಎಲ್ಲೈತೆ?” ಎಂದು ಕೇಳಿದಳು.

ಅಕ್ಕ ಮುಚ್ಚಳ ತೆಗೆದಳು. ಐಸು ಇಟ್ಟದ್ದು ಇಟ್ಟ ಹಾಗೇ ಗಟ್ಟಿಯಾಗಿತ್ತು. “ಇದೇ ವ್ಯಾನು ಕಣವ್ವ,” ಅಂದಳು. “ಮೊದ್ಲು ಯಾವ ಕುರಿ ಹಿಡ್ಕೊಂತೀಯ, ಹಿಡ್ಕೊ.”